ಅಪ್ಪ ಬದುಕಿದ್ದಾಗ ತೆಗೆದ ಮೀಸೆ

ಕಾಮಣ್ಣನ ಕೈ ಬಲು ಹಗುರ ಎಂದು ಅಕ್ಕಲಕೋಟೆಯ ಸುತ್ತಲಿನ ನಾಲ್ಕು ಹಳ್ಳಿಗಳಲ್ಲಿ ಹೆಸರಿತ್ತು. ಧರೆಪ್ಪ ಪಾಟೀಲರಿಗಂತೂ ಕ್ಷೌರಕ್ಕೆ ಅವನೇ ಆಗಬೇಕು. ಮೂವತ್ತು ವರ್ಷ, ಬುಧವಾರಕ್ಕೊಮ್ಮೆ, ಅವರು ತಮ್ಮ ಅಂಗಳದ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೊರಳೊಪ್ಪಿಸಿ ಕೂಡುತ್ತಿದ್ದರು. ಕೆಲವೊಮ್ಮೆ ಗೊರಕೆಯನ್ನೂ ಹೊಡೆಯುತ್ತಿದ್ದರು. ಊರಿಗೆಲ್ಲ ಗುಡುಗುವ ಮನುಷ್ಯ ತನ್ನ ಕತ್ತಿಯ ಕೆಳಗೆ ನಿದ್ದೆ ಹೋಗುತ್ತಾನಲ್ಲ ಎಂಬ ಹೆಮ್ಮೆಯಲ್ಲೇ ಕಾಮಣ್ಣನ ಅರ್ಧ ಹೊಟ್ಟೆ ತುಂಬುತ್ತಿತ್ತು.

ಪಾಟೀಲರ ಒಬ್ಬನೇ ಮಗ ಖಂಡಪ್ಪ ಸೊಲ್ಲಾಪುರದ ಗಿರಣಿಯೊಂದರಲ್ಲಿ ಕಾರಕೂನ. ಅವನು ಊರಿಗೆ ಬಂದಾಗಲೆಲ್ಲ ಮೈಮೇಲಿನದು ಒಂದೊಂದಾಗಿ ಕಳಚುತ್ತಿತ್ತು. ಮೊದಲು ರುಮಾಲು ಹೋಯಿತು. ಆಮೇಲೆ ಜುಟ್ಟು ಹೋಗಿ ಕ್ರಾಪು ಬಂತು, ಧೋತರ ಹೋಗಿ ಪಾಟಲೋನು ಬಂತು. ಪಾಟೀಲರು ಪ್ರತಿ ಸಲವೂ ಹಲ್ಲು ಕಡಿದು ಸಹಿಸಿಕೊಂಡರು. ಉಳಿದದ್ದು ಮೀಸೆ ಒಂದೇ. ಅದನ್ನು ಮುಟ್ಟುವಂತಿರಲಿಲ್ಲ. ಅಪ್ಪ ಸತ್ತಾಗ ಮಾತ್ರ ಮಗ ಮೀಸೆ ತೆಗೆಸುವುದು ಆ ಸೀಮೆಯ ಪದ್ಧತಿ.

೧೯೩೪ರ ಒಂದು ಬುಧವಾರ ಪಾಟೀಲರು ಹೊಲದಲ್ಲಿದ್ದಾಗ ಖಂಡಪ್ಪ ಬೇವಿನ ಕೆಳಗೆ ಬಂದು ಕೂತ.

“ಮೀಸಿ ತೆಗಿ, ಕಾಮಣ್ಣ.”

“ಬಿಡ್ತು ಅನ್ರಿ, ಸಣ್ಣ ಪಾಟೀಲ್ರ. ಅಪ್ಪಾವ್ರು ಗಟ್ಟಿ ಅದಾರ. ಬೇಕಂದ್ರ ಸೊಲ್ಲಾಪುರದ ಸಲೂನದಾಗ ತಗಸ್ಕೋರಿ. ನನ್ನನ್ಯಾಕ ನಡುವ ತರತೀರಿ?”

“ಅಲ್ಲಿ ತಗಸಿದ್ರ ಕಳವು ಮಾಡಿದಂಗ ಆಗ್ತದ. ನನ್ನ ಮಾರಿ ನಂದು, ಅದು ಅಪ್ಪಗ ಗೊತ್ತಾಗಬೇಕು. ಅಪ್ಪನ ಅಂಗಳದಾಗ, ಅಪ್ಪನ ನಾವಲಿಗನ ಕೈಲೇ ತಗಸ್ತೀನಿ.”

ಕಾಮಣ್ಣ ಕೈಮುಗಿದ. ಖಂಡಪ್ಪ ತಾನೇ ಅವನ ಹಡಪದ ಚೀಲಕ್ಕೆ ಕೈಹಾಕಿ ಕತ್ತಿ ತೆಗೆದು, ಒಂದು ಕಡೆಯ ಮೀಸೆಯನ್ನು ಬೋಳಿಸಿಯೇಬಿಟ್ಟ. ರಕ್ತ ಜಿನುಗಿತು. ಈಗ ಅರ್ಧ ಮೀಸೆ ಇದೆ, ಅರ್ಧ ಇಲ್ಲ. ಹಾಗೇ ಬಿಟ್ಟರೆ ಪಾಟೀಲರ ಮಗ ಊರಿಗೇ ನಗೆಪಾಟಲು; ತೆಗೆದರೆ ಬದುಕಿರುವ ಪಾಟೀಲರಿಗೆ ಸಾವಿನ ಕ್ಷೌರ. ಬೈಯುವವರು ಬೈಯಲಿ, ಆ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಕಾಮಣ್ಣ ಕತ್ತಿ ಇಸಿದುಕೊಂಡು ಉಳಿದರ್ಧ ತೆಗೆದ.

ಹೊಲದಿಂದ ಬಂದ ಪಾಟೀಲರು ಮಗನ ಮುಖ ನೋಡಿದರು, ಕಾಮಣ್ಣನ ಕೈಯ ಕತ್ತಿ ನೋಡಿದರು. ಕೂಗಾಡಲಿಲ್ಲ.

“ನನ್ನ ಹೆಣಾ ಎಲ್ಲಿಟ್ಟೀರಿ, ಕಾಮಣ್ಣ?” ಎಂದು ಕೇಳಿ ಒಳಗೆ ಹೋದರು.

ಮುಂದಿನ ಬುಧವಾರ ಕಾಮಣ್ಣ ಹೋಗಿ ಅಂಗಳದಲ್ಲಿ ನಿಂತ, ಯಾರೂ ಕರೆಯಲಿಲ್ಲ. ಅದರ ಮುಂದಿನ ಬುಧವಾರವೂ ಹೋದ. ಹೀಗೆ ಎರಡು ವರ್ಷ. ಸುಗ್ಗಿಯಲ್ಲಿ ಅವನ ಪಾಲಿನ ಜೋಳ ಮಾತ್ರ ತಪ್ಪದೆ ಮನೆಗೆ ಬರುತ್ತಿತ್ತು. ಮಾಡದ ಕೆಲಸಕ್ಕೆ ಬಂದ ಆ ಕೂಲಿ ಅವನನ್ನು ಚುಚ್ಚುತ್ತಿತ್ತು. ಪಾಟೀಲರ ಗಡ್ಡ ಎದೆಗಿಳಿಯಿತು. ಇತ್ತ ಊರಿನ ಹರೆಯದವರು ಒಬ್ಬೊಬ್ಬರಾಗಿ ಬಂದು “ಖಂಡಪ್ಪನಂಗ ಮಾಡು” ಎಂದು ಕೂತರು. ಅವರ ಅಪ್ಪಂದಿರು ನಾಲ್ಕು ದಿನ ಗೊಣಗಿ ಸುಮ್ಮನಾದರು. ಇಷ್ಟಕ್ಕೇ ಮುಗಿಯುವುದಿದ್ದರೆ ತನ್ನೊಬ್ಬನಿಗೇ ಯಾಕೆ ಈ ಶಿಕ್ಷೆ ಎಂದು ಕಾಮಣ್ಣ ಒಳಗೊಳಗೇ ಬೆಂದ.

ಎರಡನೆಯ ಚಳಿಗಾಲದಲ್ಲಿ ಪಾಟೀಲರು ಹಾಸಿಗೆ ಹಿಡಿದರು. ಒಂದು ಮುಂಜಾನೆ ಕರೆ ಬಂತು. ಕಾಮಣ್ಣ ಕತ್ತಿ ಮಸೆದುಕೊಂಡು ಓಡಿದ, ಹೋದವನೇ ನೀರು ಕಾಯಿಸಲು ಹೇಳಿದ. ಪಾಟೀಲರು ಬೇಡವೆಂದು ಕೈಯಾಡಿಸಿದರು.

“ಅದಕ್ಕಲ್ಲೋ. ನಾ ಸತ್ತ ದಿನ ನನ್ನ ಮಗನ ಮಾರಿಗೆ ಕತ್ತಿ ಹಚ್ಚಬ್ಯಾಡ. ಆ ಕೆಲಸಾ ನೀ ಅವತ್ತೇ ಮುಗಿಸೀದಿ.”

“ತಪ್ಪಾಗ್ಯಾದ್ರಿ, ಪಾಟೀಲ್ರ.”

“ಆಣಿ ಮಾಡು.”

ಸಾಯುವವರ ಮಾತಿಗೆ ಇಲ್ಲ ಎನ್ನುವುದು ಹೇಗೆ? ಕಾಮಣ್ಣ ಅವರ ಕಾಲು ಮುಟ್ಟಿ ಆಣೆ ಮಾಡಿದ.

ಹತ್ತು ದಿನಕ್ಕೆ ಪಾಟೀಲರು ತೀರಿಕೊಂಡರು. ಮಗನ ಕ್ಷೌರವಾಗದೆ ಹೆಣ ಎತ್ತುವಂತಿರಲಿಲ್ಲ; ಕಾಮಣ್ಣನನ್ನು ಕರೆಯಲು ಆಳು ಬಂದ. ಕಾಮಣ್ಣ ಕದ ತೆಗೆಯಲಿಲ್ಲ. ಕಡೆಗೆ ಖಂಡಪ್ಪನೇ ಬಂದು ಅವನ ಬಾಗಿಲ ಮುಂದೆ ನೆಲದ ಮೇಲೆ ಕೂತ. ಅಪ್ಪನ ಜಡ್ಡಿನ ಸುದ್ದಿ ತಿಳಿದಂದಿನಿಂದ ಅವನು ಮುಖಕ್ಕೆ ಕತ್ತಿ ತಾಗಿಸಿರಲಿಲ್ಲ. ತುಟಿಯ ಮೇಲೆ ಎರಡು ವಾರದ ಮೀಸೆ ಕುರುಚಲಾಗಿ ಎದ್ದಿತ್ತು.

“ಇಷ್ಟಾರ ಬೆಳಿಸೀನಿ, ಕಾಮಣ್ಣ. ತೆಗಿ.”

ಕಾಮಣ್ಣ ಆಣೆಯ ಮಾತು ಹೇಳಿದ. ಖಂಡಪ್ಪನ ಕಣ್ಣಿಂದ ಬಳಬಳ ನೀರು ಇಳಿಯಿತು. ಆದರೂ ಅವನು ಏಳಲಿಲ್ಲ, ಎತ್ತಿದ ಮುಖ ಕೆಳಗಿಳಿಸಲಿಲ್ಲ. ಕಾಮಣ್ಣ ಮಸೆದ ಕತ್ತಿ ಹಿಡಿದು ಅವನೆದುರು ಕುಕ್ಕರಿಸಿದ, ಕೈ ಮಾತ್ರ ಮೇಲೇಳಲಿಲ್ಲ. ಅತ್ತ ಪಾಟೀಲರ ಅಂಗಳದಲ್ಲಿ ಹೆಣ ಕಾಯುತ್ತಿತ್ತು.