ಎರಡು ಪೀಠದ ರಾಜ ಮತ್ತು ನೋಮಿಯ ಗಣಪತಿ

ಡಿಸೆಂಬರ್ ಮೊದಲ ಶನಿವಾರ ಬೆಳಿಗ್ಗೆ ಸೆಂಡಾಯ್‌ನಲ್ಲಿ ರೈಲು ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಕಾಗದ ಸುತ್ತಿದ ಎರಡು ಡಬ್ಬಗಳಿದ್ದವು. ಒಂದರಲ್ಲಿ ಸಿಹಿ, ಇನ್ನೊಂದರಲ್ಲಿ ಗಣಪತಿ. ಸಿಹಿಯೆಂದರೆ ಯೋಕನ್. ಕೆಂಪು ಅವರೆಯಂಥ ಕಾಳನ್ನು ಸಕ್ಕರೆಯಲ್ಲಿ ಬೇಯಿಸಿ ಅಚ್ಚು ಹಾಕಿದ ಗಟ್ಟಿ ಮಿಠಾಯಿ, ತೂಕದಲ್ಲಿ ಇಟ್ಟಿಗೆಗೆ ಕಡಿಮೆಯಿಲ್ಲ. ಹಿತ್ತಾಳೆಯ ಗಣಪತಿಯೂ ಹೆಚ್ಚುಕಡಿಮೆ ಅಷ್ಟೇ ತೂಗುತ್ತಾನೆ. ಹಿಂದಿನ ವಾರ ಡಿಪಾರ್ಟ್‌ಮೆಂಟಿನವರೆಲ್ಲ ಸೇರಿ ತಿಂದು ಮುಗಿಸಿದ್ದ ಖಾಲಿ ಡಬ್ಬದಲ್ಲಿ ಅವನನ್ನು ಹತ್ತಿಯೊಳಗೆ ಮಲಗಿಸಿ, ಅಂಗಡಿಯ ಕಾಗದವನ್ನೇ ಸುತ್ತಿ, ಗುರುತಿಗೆಂದು ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ಬಹಳ ಜಾಣತನದ ಕೆಲಸ ಮಾಡಿದೆನೆಂದು ಆಗ ಅನ್ನಿಸಿತ್ತು.

ನಾನು ಸೆಂಡಾಯ್‌ನ ವಿಶ್ವವಿದ್ಯಾಲಯವೊಂದರಲ್ಲಿ ಇಂಗ್ಲೆಂಡಿನ ಹಳೆಯ ಆಂಗ್ಲೋ-ಸ್ಯಾಕ್ಸನ್ ರಾಜರ ಬಗ್ಗೆ, ಅವರ ನಾಡಿಗೆ ಕ್ರೈಸ್ತಧರ್ಮ ಬಂದ ಬಗೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಬಸವನಗುಡಿಯವಳು ಜಪಾನಿನಲ್ಲಿ ಕೂತು ಇಂಗ್ಲೆಂಡಿನ ರಾಜರನ್ನು ಓದುವುದೇ ಎಂದು ಊರಲ್ಲಿ ಎಲ್ಲರೂ ನಗುತ್ತಾರೆ. ಈ ಸಲದ ಪ್ರಯಾಣ ಮಾತ್ರ ರಾಜರಿಗಾಗಿ ಅಲ್ಲ, ಚಿಕ್ಕಮ್ಮನ ಮಗಳು ಚೈತ್ರಾಗಾಗಿ. ಅವಳು ಇಶಿಕಾವಾ ಪ್ರಾಂತ್ಯದ ನೋಮಿ ಎಂಬ ಊರಿನ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಅಲ್ಲಿಯೇ ಸಹೋದ್ಯೋಗಿ ತಕುಮಿಯನ್ನು ಮೆಚ್ಚಿದ್ದಾಳೆ. ತಂದೆತಾಯಿಯಿಲ್ಲದ ತಕುಮಿಯನ್ನು ಸಾಕಿದವಳು ಅಜ್ಜಿ. ಮದುವೆಯಾದ ಮೇಲೆ ಇಬ್ಬರೂ ಆ ಅಜ್ಜಿಯ ಮನೆಯಲ್ಲೇ ಇರಬೇಕು. ಮದುವೆಗೆ ಮೊದಲು ಎರಡೂ ಮನೆಯವರು ಒಮ್ಮೆ ಕೂತು ಊಟ ಮಾಡುವುದು ಇಲ್ಲಿಯ ಪದ್ಧತಿ. ಹೆಣ್ಣಿನ ಕಡೆಯವರೆಂದು ಜಪಾನಿನಲ್ಲಿ ಇರುವವಳು ನಾನೊಬ್ಬಳೇ.

ಚಿಕ್ಕಮ್ಮ ಜಾತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ಆಗಸ್ಟ್ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ ನನ್ನ ಕೈಗೆ ಈ ಗಣಪತಿಯನ್ನು ಕೊಟ್ಟು ಒಂದೇ ಮಾತು ಹೇಳಿದ್ದರು: "ನಮ್ಮನೆ ಗಣಪತಿಗೆ ಆ ಮನೇಲಿ ಜಾಗ ಇದ್ರೆ ನಂದು ಒಪ್ಪಿಗೆ. ಇಲ್ಲಾಂದ್ರೆ ಇಲ್ಲ ಕಣೆ ವಸು." ತೊಂದರೆ ಇದ್ದದ್ದು ಅಲ್ಲಿಯೇ. ಜಪಾನಿನ ಬಹಳಷ್ಟು ಮನೆಗಳಲ್ಲಿ ಬುದ್ಧನ ಪೀಠವೂ ಇರುತ್ತದೆ, ಶಿಂತೋ ದೇವರ ಗೂಡೂ ಇರುತ್ತದೆ, ಯಾರಿಗೂ ಅದು ತೊಡಕಲ್ಲ. ತಕುಮಿಯ ಅಜ್ಜಿಯ ಪಂಥ ಹಾಗಲ್ಲ. ಅಮಿದ ಬುದ್ಧ ಒಬ್ಬನೇ, ಪಕ್ಕದಲ್ಲಿ ಇನ್ನೊಬ್ಬ ಕೂರುವಂತಿಲ್ಲ. "ಮೊದಲ ದಿನವೇ ಕೇಳುವುದು ಬೇಡ, ನಿಧಾನವಾಗಿ ನಾನೇ ಕೇಳುತ್ತೇನೆ" ಎಂದು ತಕುಮಿ ಮೂರು ತಿಂಗಳಿಂದ ಹೇಳುತ್ತಲೇ ಇದ್ದ. ಗಣಪತಿ ನನ್ನ ಪುಸ್ತಕದ ಕಪಾಟಿನಲ್ಲಿ ಕಾಯುತ್ತಲೇ ಇದ್ದ. ಈ ಸಲ ಅವನನ್ನು ಚೈತ್ರಾಗೆ ಒಪ್ಪಿಸಿಬಿಡೋಣವೆಂದು ಜೊತೆಗೆ ಹೊತ್ತು ಹೊರಟಿದ್ದೆ.

ಓಮಿಯಾದಲ್ಲಿ ಇಳಿದು ಇನ್ನೊಂದು ಶಿಂಕಾನ್‌ಸೆನ್ ಬುಲೆಟ್ ರೈಲು ಹಿಡಿದೆ. ಟಿಕೆಟ್ಟು ಇಪ್ಪತ್ತು ಸಾವಿರ ಯೆನ್ನಿಗೂ ಮೇಲಾಯಿತು. ಆ ದುಃಖ ಮರೆಯಲು ಕೊಂಬಿನಿಯಲ್ಲಿ, ಅಂದರೆ ಹಗಲುರಾತ್ರಿ ತೆರೆದಿರುವ ಪುಟ್ಟ ಅಂಗಡಿಯಲ್ಲಿ, ಕೊಂಡಿದ್ದ, ಹುಳಿ ಉಪ್ಪಿನಕಾಯಿ ತುಂಬಿದ ಅನ್ನದ ಉಂಡೆ ತಿಂದೆ. ನಾಗಾನೊವರೆಗೆ ಎಳೆಬಿಸಿಲು. ಆಮೇಲೆ ಸುರಂಗದ ಮೇಲೆ ಸುರಂಗ. ಹೊರಗೆ ಬಂದಾಗ ಬಿಸಿಲು ಮಾಯವಾಗಿ, ಬಲಕ್ಕೆ ಬೂದು ಬಣ್ಣದ ಸಮುದ್ರ ಕಾಣಿಸಿ ಮರೆಯಾಯಿತು. ಪಕ್ಕದ ಸೀಟಿನ ಹೆಂಗಸು ನಾನು ಎಲ್ಲಿಗೆ, ಯಾಕೆ ಹೊರಟಿದ್ದೇನೆಂದು ಕೇಳಿ ತಿಳಿದು ಖುಷಿಪಟ್ಟರು. "ಉಡುಗೊರೇನ ಚೀಲದ ಸಮೇತ ಕೊಡಬೇಡಿ. ಒಳಗೆ ಕೂತ ಮೇಲೆ ತೆಗೆದು ಎರಡೂ ಕೈಯಲ್ಲಿ ಕೊಡಿ. 'ತ್ಸುಮರಾನಾಯ್ ಮೊನೊ' ಅನ್ನೋದು ಮರೀಬೇಡಿ" ಎಂದು ಪಾಠ ಹೇಳಿದರು. ಕೊಡುವ ವಸ್ತು ಎಷ್ಟೇ ಒಳ್ಳೆಯದಿರಲಿ, 'ಕೆಲಸಕ್ಕೆ ಬಾರದ ಪದಾರ್ಥ, ದಯವಿಟ್ಟು ತೆಗೆದುಕೊಳ್ಳಿ' ಎಂದು ಹೇಳಿ ಕೊಡುವುದು ಇಲ್ಲಿಯ ವಿನಯ. ಆ ಮಾತನ್ನು ಬಾಯಿಪಾಠ ಮಾಡುತ್ತಲೇ ಕೊಮಾತ್ಸುವಿನಲ್ಲಿ ಇಳಿದೆ.

ಸ್ಟೇಷನ್ನಿನ ಹೊರಗೆ ಚೈತ್ರಾ, ತಕುಮಿ ಕಾರಿನೊಂದಿಗೆ ನಿಂತಿದ್ದರು. ಚೈತ್ರಾ ಉಗುರು ಕಚ್ಚುತ್ತಿದ್ದಳು.

"ಅಕ್ಕ, ಐ ಆ್ಯಮ್ ಸೋ ಟೆನ್ಸ್. ಒಬಾಚಾನ್ ನಿನ್ನೆಯಿಂದ ಅಡುಗೆ ಮಾಡ್ತಾನೇ ಇದ್ದಾರೆ. ನೀನು ಗಣಪತಿ ವಿಷ್ಯ ಎತ್ತಬೇಡ, ಪ್ಲೀಸ್."

ಒಬಾಚಾನ್ ಎಂದರೆ ಅಜ್ಜಿ. ಅವಳನ್ನು ನಗಿಸಲು ದಾರಿಯಲ್ಲಿ ನನ್ನ ರಾಜರ ಕಥೆ ತೆಗೆದೆ. ಕೆಂಟ್ ಎಂಬ ನಾಡಿನ ರಾಜ ಎಥೆಲ್‌ಬರ್ಟ್ ಹಳೆಯ ದೇವರುಗಳ ಭಕ್ತ. ಅವನು ಕಡಲಾಚೆಯ ಕ್ರೈಸ್ತ ರಾಜಕುಮಾರಿ ಬರ್ತಾಳನ್ನು ಮದುವೆಯಾದಾಗ, ಅವಳು ತನ್ನ ದೇವರನ್ನು ಬಿಡುವುದಿಲ್ಲ ಎಂಬ ಷರತ್ತು ಮೊದಲೇ ಆಗಿತ್ತು. ಜೊತೆಗೆ ತವರಿನಿಂದ ಒಬ್ಬ ಬಿಷಪ್ಪನೂ ಬಂದಿದ್ದ.

"ನೀನು ಬರ್ತಾ, ನಾನು ನಿನ್ನ ಬಿಷಪ್ಪು" ಎಂದೆ.

"ಬಿಷಪ್ಪಿಗೆ ಮೊದ್ಲು ಸಾಕ್ಸ್ ಚೆಕ್ ಮಾಡ್ಕೊಳಕ್ಕೆ ಹೇಳು. ಮನೆ ಒಳಗೆ ಶೂ ಬಿಚ್ಚಬೇಕು" ಎಂದಳು ಚೈತ್ರಾ. ನೋಡಿಕೊಂಡೆ, ಎಡಗಾಲಿನ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ದಾರಿಯ ಕೊಂಬಿನಿಯಲ್ಲಿ ಕಾರು ನಿಲ್ಲಿಸಿ ಹೊಸ ಸಾಕ್ಸ್ ಕೊಂಡೆವು. ಉಳಿದ ದಾರಿಯಲ್ಲಿ, ಒಂದೇ ಗುಡಿಯಲ್ಲಿ ಎರಡು ಪೀಠ ಇಟ್ಟ ಇನ್ನೊಬ್ಬ ರಾಜನ ಕಥೆಯನ್ನು ತಕುಮಿಗೆ ಹೇಳಿದೆ.

ಮನೆ ಹೊಳೆಯುವ ಕಪ್ಪು ಹೆಂಚಿನದು. ಅಂಗಳದ ಪೈನ್ ಮರಕ್ಕೆ ಹಿಮದ ಭಾರ ತಡೆಯಲೆಂದು ನೆತ್ತಿಯಿಂದ ಕೊಂಬೆ ಕೊಂಬೆಗೂ ಹಗ್ಗ ಕಟ್ಟಿದ್ದರು. ಹಿಮವೂ ಅಲ್ಲದ ಮಳೆಯೂ ಅಲ್ಲದ ತುಂತುರು ಬೀಳುತ್ತಿತ್ತು. ಆ ತುಂತುರಿನಲ್ಲಿ ಅಜ್ಜಿ ಫುಮಿ-ಸಾನ್ ಕೊಡೆ ಹಿಡಿದು ಅಂಗಳದಲ್ಲೇ ನಿಂತಿದ್ದರು. ರೋಮಿನಿಂದ ಬಂದ ಸನ್ಯಾಸಿಗಳು ಸೂರಿನಡಿ ಮಾಟ ಮಾಡಿಯಾರೆಂದು ಹೆದರಿ ಎಥೆಲ್‌ಬರ್ಟ್ ಅವರನ್ನು ಬಯಲಿನಲ್ಲೇ ಭೇಟಿಯಾಗಿದ್ದ. ಅದು ನೆನಪಾಗಿ ನಗು ಬಂತು, ತಡೆದುಕೊಂಡೆ. ಅವರು ಬಾಗಿದರು, ನಾನು ಬಾಗಿದೆ, ಅವರು ಇನ್ನೂ ಬಾಗಿದರು, ನಾನು ಇನ್ನೂ ಬಾಗಿದೆ. ಕೊಡೆ ಒಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ. ಕೈಚೀಲ ಚೆನ್ನಾಗಿ ನೆನೆಯಿತು.

ಒಳಗೆ ಚಾಪೆ ಹಾಸಿದ ಕೋಣೆಯಲ್ಲಿ ಗೋಡೆಯ ಅರ್ಧವನ್ನು ಬುದ್ಧನ ಪೀಠವೇ ತುಂಬಿತ್ತು. ಹೊರಗೆ ಕಪ್ಪು ಅರಗಿನ ಬಾಗಿಲು, ಒಳಗೆಲ್ಲ ಚಿನ್ನದ ರೇಕು. ನೋಡಿದವಳಿಗೆ ಕೈಗಳು ತಾವಾಗಿಯೇ ಕೂಡಿದವು. ಆಮೇಲೆ ಮಂಡಿಯೂರಿ, ಚೀಲದಲ್ಲಿ ಬೊಟ್ಟಿಲ್ಲದ ಡಬ್ಬ ಹುಡುಕಿ ತೆಗೆದು, ಎರಡೂ ಕೈಯಲ್ಲಿ ಒಪ್ಪಿಸಿ, ಕಲಿತ ಪಾಠ ಒಪ್ಪಿಸಿದೆ: "ತ್ಸುಮರಾನಾಯ್ ಮೊನೊ ದೆಸು ಗಾ..." ಫುಮಿ-ಸಾನ್ ಅದನ್ನು ಹಣೆಯ ಮಟ್ಟಕ್ಕೆ ಎತ್ತಿ ಸ್ವೀಕರಿಸಿ, ನೇರವಾಗಿ ಬುದ್ಧನ ಮುಂದೆ ಇಟ್ಟು, ಪುಟ್ಟ ಗಂಟೆ ಬಾರಿಸಿದರು. ಮನೆಗೆ ಬಂದ ಯಾವ ವಸ್ತುವನ್ನೂ ಮೊದಲು ಅಲ್ಲಿಟ್ಟು ಆಮೇಲೆ ತಿನ್ನುವುದಂತೆ. ನಮ್ಮಲ್ಲಿ ಪ್ರಸಾದ ಎನ್ನುವಂತೆ ಅದಕ್ಕೆ ಇವರಲ್ಲಿ 'ಒಸಾಗಾರಿ' ಎಂಬ ಹೆಸರೇ ಇದೆ.

ಊಟ ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ. ಜಪಾನಿನಲ್ಲಿ ಸಸ್ಯಾಹಾರಿಯ ಪಾಡು ಹೇಳತೀರದು, ಬರಿಯ ಸೊಪ್ಪಿನ ಸಾರಿನಲ್ಲೂ ಮೀನು ಈಜಿ ಹೋಗಿರುತ್ತದೆ. ಆದರೆ ಅವು ಅವರ ಪಂಥದ ಮೂಲಗುರುವಿನ ಆರಾಧನೆಯ ದಿನಗಳು, ಮೀನು ಮಾಂಸ ನಿಷಿದ್ಧ. ದಪ್ಪನೆಯ ಕರಿದ ತೋಫು, ತಾವರೆ ದಂಟು, ಕೆಸುವಿನ ಗೆಡ್ಡೆ, ಕುಂಬಳಕಾಯಿಯೊಡನೆ ಬೆಂದ ಕೆಂಪು ಕಾಳು, ಎಲ್ಲಕ್ಕೂ ಕಡಲಪಾಚಿಯ ಸಾರು ಮಾತ್ರ. ಮೂರು ಬಾರಿ ಅನ್ನ ಹಾಕಿಸಿಕೊಂಡೆ. ಫುಮಿ-ಸಾನ್‌ಗೆ ಅದು ಹಿಡಿಸಿತು.

"ನಾನು ಮದುವೆಯಾಗಿ ಬಂದಾಗಿಂದ ದಿನಾ ಬೆಳಿಗ್ಗೆ ಆ ಬಾಗಿಲು ತೆಗೆದು ಮೊದಲ ಅನ್ನ ಅಲ್ಲಿಗೇ ಇಡ್ತೀನಿ" ಎಂದರು ಪೀಠ ತೋರಿಸಿ. "ನನ್ನ ನಂತರ ಯಾರು ತೆಗೀತಾರೋ. ತಕುಮಿ ಏಳೋದೇ ಎಂಟಕ್ಕೆ." ತಕುಮಿ ತಟ್ಟೆ ನೋಡುತ್ತ ಕೂತ.

ಊಟವಾದ ಮೇಲೆ ನಾನೂ ಚೈತ್ರಾನೂ ಮಹಡಿಯ ಕೋಣೆಗೆ ಹೋದೆವು. ಅಷ್ಟರಲ್ಲಿ ಚಿಕ್ಕಮ್ಮನ ವಿಡಿಯೋ ಕಾಲ್.

"ಊಟ ಆಯ್ತಾ? ಗಣಪತಿನ ತೋರ್ಸು ವಸು. ಪ್ರಯಾಣದಲ್ಲಿ ಏನೂ ಆಗಿಲ್ಲ ತಾನೆ?"

ಉಳಿದ ಡಬ್ಬದ ಕಾಗದ ಬಿಚ್ಚಿ ಮುಚ್ಚಳ ತೆಗೆದು ಕ್ಯಾಮೆರಾದ ಮುಂದೆ ಹಿಡಿದೆ.

"ಇದೇನೇ ಇದು, ಸೋಪಾ?" ಎಂದರು ಚಿಕ್ಕಮ್ಮ.

ಒಳಗೆ ಸಾಲಾಗಿ ಮಲಗಿದ್ದದ್ದು ಯೋಕನ್. ಕುಂಕುಮದ ಬೊಟ್ಟು ಅಂಗಳದ ತುಂತುರಿನಲ್ಲಿ ಗಣಪತಿಯ ಡಬ್ಬದಿಂದ ಕರಗಿ ಈ ಡಬ್ಬಕ್ಕೇ ಬಳಿದುಕೊಂಡಿತ್ತು. ನೆಟ್‌ವರ್ಕ್ ಸರಿಯಿಲ್ಲವೆಂದು ಫೋನ್ ಇಟ್ಟೆ.

"ಅಕ್ಕ, ಗಣಪತಿ ಎಲ್ಲಿ?"

"ಕೆಳಗೆ. ಬುದ್ಧನ ಮುಂದೆ."

"ವಾಟ್!" ಚೈತ್ರಾ ಕುಸಿದು ಕೂತಳು. "ಕೊಡೋವಾಗ ಏನಂತ ಕೊಟ್ಟೆ?"

"ಎಲ್ಲರೂ ಹೇಳೋದೇ. ಕೆಲಸಕ್ಕೆ ಬಾರದ ಪದಾರ್ಥ ಅಂತ."

ಇಬ್ಬರೂ ಬಾಯಿಗೆ ಸೆರಗು, ಸ್ವೆಟರು ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತಾಗ ಚೈತ್ರಾಳ ಕಣ್ಣಿನ ನೀರು ಮಾತ್ರ ನಿಲ್ಲಲಿಲ್ಲ. ಮೆಲ್ಲಗೆ ಹೋಗಿ ಡಬ್ಬ ಬದಲಾಯಿಸಿಬಿಡೋಣ ಎಂದೆ. ಅವಳು ತಲೆಯಾಡಿಸಿದಳು. "ಬೇಡ ಅಕ್ಕ. ಈ ಮನೇಲಿ ಬದುಕಬೇಕಾದವಳು ನಾನು. ಮೊದಲನೇ ದಿನವೇ ಕದ್ದು ಶುರು ಮಾಡಲ್ಲ. ನಾನೇ ಹೇಳ್ತೀನಿ."

ಕೆಳಗೆ ಫುಮಿ-ಸಾನ್ ಚಹಾ ಇಟ್ಟು, ಪೀಠದಿಂದ ಡಬ್ಬ ಇಳಿಸಿ ತರುತ್ತಿದ್ದರು. ಚೈತ್ರಾ ಅವರ ಮುಂದೆ ಮಂಡಿಯೂರಿದಳು.

"ಸುಮಿಮಾಸೆನ್, ಕ್ಷಮಿಸಿ ಒಬಾಚಾನ್. ಅದರಲ್ಲಿ ಸಿಹಿ ಇಲ್ಲ. ನಮ್ಮನೆ ದೇವರಿದ್ದಾನೆ." ಆಮೇಲೆ ಅಮ್ಮನ ಷರತ್ತನ್ನು, ಮೂರು ತಿಂಗಳಿಂದ ಕೇಳಲು ಹೆದರಿದ್ದನ್ನು, ನನ್ನ ಬೊಟ್ಟಿನ ಕಥೆಯನ್ನು ಒಂದೂ ಬಿಡದೆ ಹೇಳಿದಳು. ತಕುಮಿ ಬಿಳುಚಿಕೊಂಡ. ಫುಮಿ-ಸಾನ್ ಕಾಗದ ಹರಿಯದ ಹಾಗೆ ಬಿಚ್ಚಿ, ಮಡಿಸಿ ಪಕ್ಕಕ್ಕಿಟ್ಟು, ಹತ್ತಿ ಸರಿಸಿ ನೋಡಿದರು.

"ಈ ಮನೆಯಲ್ಲಿ ಅಮಿದನ ಜೊತೆ ಇನ್ನೊಬ್ಬರನ್ನ ಕೂರಿಸಿಲ್ಲ. ಕೂರಿಸೋದೂ ಇಲ್ಲ" ಎಂದರು.

ಹೊರಗೆ ಗುಡುಗಿತು. ಈ ಕಡೆ ಚಳಿಗಾಲದಲ್ಲೇ ಗುಡುಗುವುದು ಹೆಚ್ಚು. ಚೈತ್ರಾಳ ಮುಖ ನೋಡಲಾಗಲಿಲ್ಲ. ಆಗ ತಕುಮಿ ಏನಾದರೂ ಮಾತಾಡಬೇಕೆಂದು, "ವಸುಧಾ-ಸಾನ್ ಒಬ್ಬ ರಾಜನ ಬಗ್ಗೆ ಓದ್ತಾರೆ ಒಬಾಚಾನ್. ಅವನು ಒಂದೇ ಗುಡಿಯಲ್ಲಿ ಎರಡು ಪೀಠ ಇಟ್ಟಿದ್ದನಂತೆ" ಎಂದು ಬಾಯಿಬಿಟ್ಟ.

"ಯಾವ ರಾಜ?" ಎಂದು ಅವರು ನನ್ನ ಕಡೆ ತಿರುಗಿದರು.

ಹೇಳಿದೆ. ಈಸ್ಟ್ ಆಂಗ್ಲಿಯಾದ ರಾಜ ರೆಡ್‌ವಾಲ್ಡ್ ಕೆಂಟಿಗೆ ಹೋಗಿ ಕ್ರೈಸ್ತನಾಗಿ ಬಂದ. ಮನೆಗೆ ಬಂದ ಮೇಲೆ ಹೆಂಡತಿ, ಹಿರಿಯರು ಬುದ್ಧಿ ಹೇಳಿದರು. ಕೊನೆಗೆ ಕ್ರಿಸ್ತನಿಗೆ ಒಂದು ಪೀಠ, ಅದೇ ಗುಡಿಯಲ್ಲಿ ಹಳೆಯ ದೇವರುಗಳಿಗೆ ಒಂದು ಪುಟ್ಟ ಪೀಠ ಇಟ್ಟುಕೊಂಡ. ಮುಂದೆ ಅದನ್ನು ಬರೆದಿಟ್ಟ ಸನ್ಯಾಸಿ ರಾಜನನ್ನು ಚೆನ್ನಾಗಿ ಬೈದಿದ್ದಾನೆ, ತಪ್ಪನ್ನು ಹೆಂಡತಿಯ ಮೇಲೆ ಹಾಕಿದ್ದಾನೆ.

"ಅವಳ ಹೆಸರು?"

"ಬರೆದಿಲ್ಲ."

"ಬರೆದಿರಲ್ಲ ಬಿಡಿ." ಫುಮಿ-ಸಾನ್ ಚಹಾ ಗುಟುಕರಿಸಿದರು. "ಎರಡು ಪೀಠ ಅಂದ್ರೆ ದಿನಾ ಎರಡರ ಧೂಳು ಒರೆಸಬೇಕು, ಎರಡಕ್ಕೂ ಅನ್ನ ಇಡಬೇಕು. ರಾಜ ಒರೆಸ್ತಿದ್ದನಾ? ಒರೆಸೋಳು ಅವಳು. ಎಲ್ಲಿ ಏನಿಡಬೇಕು ಅನ್ನೋದೂ ಅವಳಿಗೇ ಗೊತ್ತಿರುತ್ತೆ."

ಹತ್ತು ವರ್ಷಗಳಿಂದ ನಾನು ರೆಡ್‌ವಾಲ್ಡನ ಬಗ್ಗೆ ಓದಿದ್ದೇನೆ. ಅವನ ಲೆಕ್ಕಾಚಾರ, ಅವನ ರಾಜಕೀಯ ಎಲ್ಲ ಓದಿದ್ದೇನೆ. ಒರೆಸಿದವರು ಯಾರು ಎಂದು ಕೇಳಿಕೊಂಡವಳಲ್ಲ.

ಫುಮಿ-ಸಾನ್ ಎದ್ದರು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಪೂರ್ವದ ಕಿಟಕಿಯ ಕೆಳಗೊಂದು ಮರದ ಹಲಗೆ, ಅದರ ಮೇಲೆ ಈ ಊರಿನ ಬಣ್ಣಬಣ್ಣದ ಪಿಂಗಾಣಿ ಬಟ್ಟಲುಗಳು. ತೀರಿಕೊಂಡ ಗಂಡನವೆಂದು ಅವರು ಜೋಪಾನವಾಗಿ ಇಟ್ಟುಕೊಂಡಿದ್ದವು. ಅವನ್ನು ಒಂದೊಂದಾಗಿ ಇಳಿಸಿ ಹಲಗೆ ಒರೆಸಿದರು.

"ಅಮಿದನ ಕೋಣೆ ಅಮಿದನದು. ಇದು ಇವನದು. ಬಂದವನನ್ನ ಕೈಯೆತ್ತಿ ಸ್ವೀಕರಿಸಿ ಗಂಟೆ ಬಾರಿಸಿದ್ದೀನಿ. ಈಗ ಹೋಗು ಅನ್ನೋಕಾಗುತ್ತಾ?" ಎಂದು ಚೈತ್ರಾಳನ್ನು ನೋಡಿದರು. "ಆದರೆ ನನಗೂ ಒಂದು ಷರತ್ತು ಇದೆ. ನನ್ನ ನಂತರ ಆ ದೊಡ್ಡ ಬಾಗಿಲು ದಿನಾ ತೆಗೀಬೇಕು. ಮೊದಲ ಅನ್ನ ಅಲ್ಲಿಗೆ."

"ನಾಳೆಯಿಂದಲೇ ತೆಗೀತೀನಿ" ಎಂದಳು ಚೈತ್ರಾ. ಅಳುತ್ತಿದ್ದಳು. ನಾನೂ ಅಳುತ್ತಿದ್ದೆ.

"ನೀನು ಎರಡನ್ನೂ ಒರೆಸು" ಎಂದರು ಅಜ್ಜಿ ತಕುಮಿಗೆ. ಆಮೇಲೆ ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ, "ತ್ಸುಮರಾನಾಯ್ ಮೊನೊ ಅಂದಿರಲ್ಲ. ಇವನಿಗೆ ಕೇಳಿಸಿರುತ್ತೆ, ಕ್ಷಮೆ ಕೇಳ್ಕೊಳ್ಳಿ" ಎಂದರು. ಬಾಗಿ ಕೇಳಿಕೊಂಡೆ. ಅವನ ಮುಂದೆ ಯೋಕನ್ ಇಟ್ಟು ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಫುಮಿ-ಸಾನ್ ಜಪಾನಿಯಲ್ಲಿ, ಚಿಕ್ಕಮ್ಮ ಕನ್ನಡದಲ್ಲಿ, ಇಬ್ಬರೂ ಒಟ್ಟಿಗೆ ಮಾತಾಡಿದರು. "ಪೂರ್ವಕ್ಕೆ ಕೂತಿದ್ದಾನೆ, ಇನ್ನೇನು ಬೇಕು. ಅವರಿಗೆ ನನ್ನ ನಮಸ್ಕಾರ ಹೇಳು. ಸೋಪು ಯಾಕಿಟ್ಟಿದ್ದೀರಾ ಮುಂದೆ?" ಎಂದರು ಚಿಕ್ಕಮ್ಮ.

ಭಾನುವಾರ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ನಾನು ಏಳುವ ಹೊತ್ತಿಗೆ ಚೈತ್ರಾ ಪೀಠದ ಬಾಗಿಲು ತೆರೆದು ಅನ್ನ ಇಟ್ಟಾಗಿತ್ತು. ತಕುಮಿ ಒರೆಸುವ ಬಟ್ಟೆ ಹಿಡಿದು ಆಕಳಿಸುತ್ತ ನಿಂತಿದ್ದ. ಹೊರಡುವಾಗ ಅಂಗಳದಲ್ಲಿ ಫುಮಿ-ಸಾನ್ ಬಟ್ಟೆಯಲ್ಲಿ ಕಟ್ಟಿದ ಡಬ್ಬವೊಂದನ್ನು ಎರಡೂ ಕೈಯಲ್ಲಿ ಕೊಟ್ಟು, "ತ್ಸುಮರಾನಾಯ್ ಮೊನೊ ದೆಸು ಗಾ" ಎಂದರು. ಹೇಳುವಾಗಲೇ ಅವರಿಗೆ ನಗು ತಡೆಯಲಾಗಲಿಲ್ಲ.

ರೈಲು ಕೊಮಾತ್ಸು ಬಿಟ್ಟಾಗ ಬಲಗಡೆ ದೂರದಲ್ಲಿ ಹಾಕುಸಾನ್ ಬೆಟ್ಟ ಪೂರ್ತಿ ಬೆಳ್ಳಗೆ ಕಾಣಿಸಿತು. ಅದು ಕಣ್ಣಿಗೆ ಮರೆಯಾಗುವವರೆಗೆ ನೋಡಿ, ಡಬ್ಬ ಬಿಚ್ಚಿದೆ. ನಿಜ ಹೇಳಬೇಕೆಂದರೆ ಒಳಗೆ ಯಾರೂ ಕೂತಿಲ್ಲವಷ್ಟೆ ಎಂದು ಖಾತ್ರಿ ಮಾಡಿಕೊಳ್ಳಲು. ಕೆಂಪು ಕಾಳು ಬೆರೆಸಿದ ಅನ್ನದ ಉಂಡೆಗಳು ಎರಡಿದ್ದವು. ಒಂದು ಅಮಿದನ ಒಸಾಗಾರಿ, ಇನ್ನೊಂದು ಗಣಪತಿಯ ಪ್ರಸಾದ ಎಂದು ಫುಮಿ-ಸಾನ್ ಹೇಳಿ ಕಳಿಸಿದ್ದರು. ಯಾವುದು ಯಾರದೆಂದು ಗುರುತು ಇಟ್ಟಿರಲಿಲ್ಲ. ಎರಡೂ ಒಂದೇ ಅಳತೆಯವಿದ್ದವು.