ಗುರುಶಾಂತಪ್ಪನವರನ್ನು ಜೋಕರ್ ಮಾಡಿದ್ದು

ಮೂರು ವರ್ಷದ ಹಿಂದಿನ ದಸರಾ ರಜೆಯ ಮಾತು. ಜೆ.ಪಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ವಿಜಯದಶಮಿಯ ಬೆಳಿಗ್ಗೆ ಕ್ರಿಕೆಟ್ ಪಂದ್ಯ ನಡೆಯುವುದು ಪದ್ಧತಿ. ಈ ಪದ್ಧತಿಯನ್ನು ಯಾರು ಆರಂಭಿಸಿದರೋ ಗೊತ್ತಿಲ್ಲ. ಆದರೆ ಅದಕ್ಕೊಂದು ನಿಯಮಾವಳಿ ಬರೆದವನು ನಾನು. ಸರ್ಕಾರಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸುತ್ತೋಲೆ ಬರೆದ ಕೈ, ನಿವೃತ್ತಿಯಾದ ಮೇಲೂ ಸುಮ್ಮನಿರಲು ಒಪ್ಪಲಿಲ್ಲ. ಉದ್ದನೆಯ ರಿಜಿಸ್ಟರಿನಲ್ಲಿ ಒಟ್ಟು ಇಪ್ಪತ್ತೆರಡು ನಿಯಮಗಳಿವೆ. ಮೂಲೆಮನೆ ಶಾರದಮ್ಮನವರ ಕಾಂಪೌಂಡಿಗೆ ಚೆಂಡು ನೇರವಾಗಿ ಬಿದ್ದರೆ ಔಟ್, ಮತ್ತು ಹೊಡೆದವನೇ ಹೋಗಿ ಬೈಸಿಕೊಂಡು ಅದನ್ನು ತರತಕ್ಕದ್ದು. ಒಂದು ಪಿಚ್ ಬಿದ್ದ, ಅಂದರೆ ನೆಲಕ್ಕೆ ಒಮ್ಮೆ ಪುಟಿದ, ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಅರವತ್ತು ದಾಟಿದವರ ಪರವಾಗಿ ಬೇರೆಯವರು ಓಡಬಹುದು, ಆದರೆ ಬೇರೆಯವರು ಔಟಾಗುವಂತಿಲ್ಲ. ಹೀಗೆ.

ತಂಡಗಳು ಎರಡು. ರಸ್ತೆಯ ಈ ತುದಿಯವರದು ಬೇವಿನ ಮರದ ಕಡೆ, ಆ ತುದಿಯವರದು ಟ್ರಾನ್ಸ್‌ಫಾರ್ಮರ್ ಕಡೆ. ವರ್ಷವಿಡೀ ಒಬ್ಬರ ಮನೆಗೊಬ್ಬರು ಹೆಪ್ಪು, ಏಣಿ, ಕರಿಬೇವು ಕೇಳಿಕೊಂಡು ಹೋಗುವ ಜನ ಆ ಒಂದು ಬೆಳಿಗ್ಗೆ ಮಾತ್ರ ಬದ್ಧವೈರಿಗಳು.

ಆ ವರ್ಷ ಶ್ರಾವಣದಲ್ಲಿ ನಮ್ಮ ರಸ್ತೆಗೆ ಗುರುಶಾಂತಪ್ಪನವರು ಬಂದಿದ್ದರು. ರಸ್ತೆಯ ಸರಿಯಾಗಿ ನಡುಮಧ್ಯದ ಮನೆಯ ಸುಮಾ ಅವರ ತಂದೆ. ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಮಗಳ ಮನೆಗೆ ಬಂದಿದ್ದರು. ದಿನಾ ಬೆಳಿಗ್ಗೆ ಗೇಟಿನ ಹಿಂದೆ ನಿಂತು, ಹೋಗಿಬರುವವರಿಗೆಲ್ಲ "ನಮಸ್ಕಾರ್ರಿ" ಎನ್ನುತ್ತಿದ್ದರು. ನಮ್ಮವರು ಕೈಯಲ್ಲೊಂದು ಫೋನು, ಬಾಯಲ್ಲೊಂದು ಅವಸರ ಇಟ್ಟುಕೊಂಡು ತಲೆ ಆಡಿಸಿ ಹೋಗುತ್ತಿದ್ದರು. ಗೇಟಿನಿಂದ ಆಚೆಗೆ ಅವರು ಕಾಲಿಟ್ಟಿದ್ದನ್ನು ನಾನು ನೋಡಿರಲಿಲ್ಲ.

ಪಂದ್ಯಕ್ಕೆ ಒಂದು ವಾರವಿರುವಾಗ ನಾನೇ ಗೇಟಿನ ಬಳಿ ನಿಂತು ಹೇಳಿದೆ: "ಹಬ್ಬದ ದಿನ ಮ್ಯಾಚ್ ಇದೆ. ನೀವೂ ಬರಬೇಕು."

"ನಾನಾ? ಆಡಾಕ?" ಅವರ ಮುಖ ಅರಳಿತು. "ಕಾಲೇಜಿನ್ಯಾಗ ವಿಕೆಟ್ ಕೀಪರ್ ಇದ್ನಿ ನೋಡ್ರಿ ಸಾಹೇಬ್ರ. ಈಗ ಬಗ್ಗಿದ್ರ ಏಳಾಕ ಇಬ್ರು ಬೇಕು."

"ಇಬ್ಬರನ್ನ ಕೊಡೋಣ. ನಿಯಮದಲ್ಲಿ ಸೇರಿಸ್ತೀನಿ" ಎಂದೆ.

ಆ ವರ್ಷ ಪಂದ್ಯಕ್ಕೊಂದು ವಿಶೇಷವಿತ್ತು. ಎಂಟನೇ ತರಗತಿಯ ನನ್ನ ಮೊಮ್ಮಗಳು ಅನಘಾಗೆ ಶಾಲೆಯಲ್ಲಿ ರಜೆಯ ಪ್ರಾಜೆಕ್ಟ್ ಕೊಟ್ಟಿದ್ದರು. 'ನಮ್ಮ ಬೀದಿ' ಎಂಬ ವಿಷಯದ ಮೇಲೆ ಐದು ನಿಮಿಷದ ಸಿನಿಮಾ. ಪಂದ್ಯವನ್ನೇ ತೆಗೆಯುತ್ತೇನೆಂದಳು. ನಾಯಕ ಯಾರೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ನನಗೆ ಕಾಣಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಬ್ಯಾಟುಗಳ ಮೇಲೆ ಅರಿಶಿನ ಕುಂಕುಮ ಇನ್ನೂ ಇತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಸ್ಕೂಟರು, ಮಿಕ್ಸಿ, ನನ್ನ ಪೆನ್ನುಗಳ ಸಾಲಿನಲ್ಲಿ ಅವುಗಳಿಗೂ ಪೂಜೆಯಾಗಿತ್ತು. ರಸ್ತೆಯ ಮೇಲೆ ಒಡೆದ ಬೂದುಗುಂಬಳದ ಚೂರುಗಳಿದ್ದವು. ನಾನು ಪಿಚ್ ಪರಿಶೀಲನೆ ನಡೆಸಿ, ಎರಡು ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಮೈದಾನ ಆಟಕ್ಕೆ ಯೋಗ್ಯವೆಂದು ಘೋಷಿಸಿದೆ.

ಗುರುಶಾಂತಪ್ಪನವರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಬಿಳಿ ಪ್ಯಾಂಟು, ಕಾಲಲ್ಲಿ ಬೆಳ್ಳಗೆ ಹೊಳೆಯುವ ಹೊಸ ಕ್ಯಾನ್ವಾಸ್ ಶೂ. ಬೇವಿನ ಮರದ ಕಡೆ ಒಂಬತ್ತು ಜನ, ಟ್ರಾನ್ಸ್‌ಫಾರ್ಮರ್ ಕಡೆ ಒಂಬತ್ತು ಜನ. ಇವರು ಹತ್ತೊಂಬತ್ತನೆಯವರು, ಮನೆ ನೋಡಿದರೆ ನಟ್ಟನಡುವೆ. ನಿಯಮ ಹದಿನಾಲ್ಕು ಸ್ಪಷ್ಟವಾಗಿದೆ: ಆಳು ಬೆಸವಾದರೆ ಮಿಕ್ಕವರು ಜೋಕರ್.

ಬೆಂಗಳೂರಿನ ಗಲ್ಲಿಯಲ್ಲಿ ಕ್ರಿಕೆಟ್ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಸ್ಪೀಟಿನ ಜೋಕರ್ ಯಾವ ಎಲೆಯ ಜಾಗದಲ್ಲಾದರೂ ಕೂರುವ ಹಾಗೆ, ನಮ್ಮ ಜೋಕರ್ ಎರಡೂ ತಂಡದ ಪರವಾಗಿ ಆಡುತ್ತಾನೆ. ಅಂದರೆ ಎರಡು ಸಲ ಬ್ಯಾಟಿಂಗ್! ಆ ಪದವಿಗಾಗಿ ಮಕ್ಕಳು ಅತ್ತು ಜಗಳವಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲವೆಂದು ಭಾವಿಸಿ, ರಿಜಿಸ್ಟರನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ರಸ್ತೆಗೆ ಕೇಳುವಂತೆ ಸಾರಿದೆ: "ನಿಯಮ ಹದಿನಾಲ್ಕರ ಪ್ರಕಾರ, ಇವತ್ತಿನ ಜೋಕರ್... ಶ್ರೀ ಗುರುಶಾಂತಪ್ಪನವರು!"

ಮಕ್ಕಳು ಹೋ ಎಂದು ಕೂಗಿದರು. ಹೆಂಗಸರು ನಕ್ಕು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆಯನ್ನೂ ಹೊಡೆದರು. ನಾನು ಸಂತೃಪ್ತನಾಗಿ ಉಳಿದ ನಿಯಮಗಳನ್ನು ಓದಿದೆ. ಇಪ್ಪತ್ತೆರಡು ಮುಗಿಸಿ ತಲೆ ಎತ್ತಿದಾಗ ಗುರುಶಾಂತಪ್ಪನವರು ಕಾಣಲಿಲ್ಲ. "ಮೊಣಕಾಲು ನೋವಂತೆ ಅಂಕಲ್, ಒಳಗೆ ಹೋದ್ರು" ಎಂದು ಯಾರೋ ಹೇಳಿದರು. ವಯಸ್ಸಾದ ಮೇಲೆ ಮೊಣಕಾಲು ಯಾರ ಮಾತನ್ನೂ ಕೇಳುವುದಿಲ್ಲವಲ್ಲ ಎಂದುಕೊಂಡೆ. ಪಂದ್ಯ ನಡೆಯಿತು. ನಮ್ಮ ಬೇವಿನ ಮರದ ಕಡೆ ಸೋತಿತು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನಾಲ್ಕು ದಿನದ ನಂತರ, ಸಂಜೆ ಏಳಕ್ಕೆ, ನಮ್ಮ ತಾರಸಿಯ ಮೇಲೆ ಅನಘಾಳ ಸಿನಿಮಾ ಪ್ರದರ್ಶನ. ಪ್ರೊಜೆಕ್ಟರ್ ಎರವಲು ತಂದದ್ದು, ಪರದೆ ನನ್ನ ಮದುವೆಯ ಪಂಚೆ. ಹೀಗಾಗಿ ಚಿತ್ರದುದ್ದಕ್ಕೂ ನಮ್ಮ ರಸ್ತೆಗೆ ಕೆಳಗಡೆ ಜರಿ ಅಂಚಿತ್ತು. ಮೂವತ್ತು ಜನ ಸೇರಿದ್ದರು. ಎಲ್ಲರಿಗೂ ಕಡಲೆಪುರಿ. ಸುಮಾ ಬಂದಿದ್ದರು, ಅವರ ತಂದೆ ಬಂದಿರಲಿಲ್ಲ.

ಮೊದಲು ಬೇವಿನ ಮರ ಬಂತು, ಟ್ರಾನ್ಸ್‌ಫಾರ್ಮರ್ ಬಂತು, ಶಾರದಮ್ಮನವರು ಬೈಯುವುದೂ ಬಂತು. ಆಮೇಲೆ ನನ್ನ ಧ್ವನಿ: "ನಿಯಮ ಹದಿನಾಲ್ಕರ ಪ್ರಕಾರ..." ಆದರೆ ಪರದೆಯ ಮೇಲೆ ನಾನಿರಲಿಲ್ಲ. ಗುರುಶಾಂತಪ್ಪನವರ ಮುಖವಿತ್ತು.

ಜೋಕರ್ ಎಂಬ ಮಾತು ಬಂದಾಗ ಅವರು ನಗುತ್ತಿದ್ದರು. ಸುತ್ತಲಿನವರು ಹೋ ಎಂದಾಗ ಆ ನಗೆ ಹಾಗೇ ನಿಂತಿತು. ಆ ಕಡೆ ಈ ಕಡೆ ನೋಡಿದರು. ತಮ್ಮ ಬಿಳಿ ಶರಟನ್ನೊಮ್ಮೆ ನೋಡಿಕೊಂಡರು. ನನ್ನ ಧ್ವನಿ ನಿಯಮ ಹದಿನೈದು, ಹದಿನಾರು ಎಂದು ಓದುತ್ತಲೇ ಇತ್ತು. ಅವರು ಮೆಲ್ಲಗೆ ಹಿಂದೆ ಸರಿದು, ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು, ಹೊಸ ಶೂಗಳ ಲೇಸು ಬಿಚ್ಚಿದರು. ಎರಡನ್ನೂ ಜೋಡಿಸಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ತಾರಸಿಯ ಮೇಲೆ ಕಡಲೆಪುರಿ ಅಗಿಯುವ ಸದ್ದೂ ನಿಂತಿತು.

"ನಿಮ್ಮ ಭಾಷಣ ತುಂಬಾ ಉದ್ದ ಆಯ್ತು ತಾತ" ಎಂದಳು ಅನಘಾ ಸಣ್ಣ ದನಿಯಲ್ಲಿ. "ಅದಕ್ಕೇ ನಾನು ಬೇರೆಯವರ ಮುಖ ತೆಗೀತಿದ್ದೆ. ಆ ಅಜ್ಜ ಶೂ ಯಾಕೆ ಬಿಚ್ಚಿದ್ರು ಅಂತ ಆಗ ಗೊತ್ತಾಗ್ಲಿಲ್ಲ."

ಸುಮಾ ಎದ್ದು ನಿಂತರು. "ನಾನೂ ಮೊಣಕಾಲು ಅಂತಲೇ ಅಂದ್ಕೊಂಡಿದ್ದೆ ಅಂಕಲ್. ಆವತ್ತಿಂದ ಅಪ್ಪ ಗೇಟ್ ಹತ್ರಾನೂ ಬರ್ತಿಲ್ಲ. ಆ ಶೂ ತರೋಕೆ ಒಬ್ಬರೇ ಬಸ್ ಹತ್ತಿ ಫೋರ್ತ್ ಬ್ಲಾಕ್ ಮಾರ್ಕೆಟ್ಟಿಗೆ ಹೋಗಿದ್ರು. ಈ ಊರಲ್ಲಿ ಅವರು ಒಬ್ಬರೇ ಹೊರಗೆ ಹೋಗಿದ್ದು ಅದೇ ಮೊದಲು."

ಆ ಪಂಚೆಯನ್ನು ಮಡಿಸಿಡುವಾಗ ನನ್ನ ಹೆಂಡತಿ ಒಂದೇ ಮಾತು ಹೇಳಿದಳು: "ಓದೋವಾಗ ಒಂದ್ಸಲ ತಲೆ ಎತ್ತಬಾರದಿತ್ತೇನ್ರೀ?" ಮೂವತ್ತನಾಲ್ಕು ವರ್ಷದಲ್ಲಿ ನನಗೆ ಬಂದ ಯಾವ ಮೆಮೊ ಕೂಡ ಅಷ್ಟು ಚಿಕ್ಕದಾಗಿರಲಿಲ್ಲ, ಅಷ್ಟು ನಾಟಿರಲೂ ಇಲ್ಲ.

ಮರುದಿನ ಬೆಳಿಗ್ಗೆ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಅವರ ಮನೆಗೆ ಹೋದೆ. ಗುರುಶಾಂತಪ್ಪನವರು ಹಣೆಗೆ ವಿಭೂತಿ ಹಚ್ಚಿಕೊಂಡು ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. "ಬರ್ರಿ ಸಾಹೇಬ್ರ, ಕೂಡ್ರಿ" ಎಂದರು. ಮರ್ಯಾದೆಗೆ ಕೊರತೆ ಇರಲಿಲ್ಲ. ಅದೇ ಕಷ್ಟವಾಗಿತ್ತು.

ನಾನು ನಿಯಮ ಹದಿನಾಲ್ಕನ್ನು ತೆರೆದು ತೋರಿಸಿದೆ. ಜೋಕರ್ ಅಂದರೆ ಕೋಡಂಗಿಯಲ್ಲ, ಇಸ್ಪೀಟಿನ ಎಲೆ, ಎರಡು ಸಲ ಬ್ಯಾಟಿಂಗ್, ನಿಮಗೆ ಗೌರವ ಮಾಡಬೇಕೆಂದೇ ಹಾಗೆ ಹೇಳಿದೆ ಎಂದೆಲ್ಲ ವಿವರಿಸಿದೆ. "ಎರಡೂ ಕಡೆಯವರಿಗೆ ಬೇಕಾದವರು. ಆದ್ರೆ ಯಾವ ಕಡೆಗೂ ಸೇರಿದವರಲ್ಲ" ಎಂದು ಮುಗಿಸಿದೆ. ಬಾಯಿಂದ ಹೊರಟ ಮೇಲೆ ಆ ಕೊನೆಯ ವಾಕ್ಯ ನನಗೇ ಸರಿ ಕೇಳಲಿಲ್ಲ.

ಅವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟು ನಕ್ಕರು.

"ಹಂಗಂದ್ರ ನೀವು ತಪ್ಪೇನೂ ಹೇಳಿಲ್ಲ ಬಿಡ್ರಿ. ನನಗ ಇಬ್ರು ಹೆಣ್ಮಕ್ಕಳು. ಆರು ತಿಂಗಳು ಈ ಮನಿ, ಆರು ತಿಂಗಳು ಬೇಗೂರಿನ್ಯಾಗ ಸಣ್ಣ ಮಗಳ ಮನಿ. ಶ್ರಾವಣದ ತನಕ ಅಲ್ಲೇ ಇದ್ನಿ. ಇಬ್ರೂ ಛಲೋ ನೋಡ್ಕೋತಾರ, ಸುಳ್ಳು ಹೇಳಬಾರದು. ಆದ್ರ ಇಲ್ಲಿ ಮಂದಿಯ ಹೆಸರು ಬಾಯಿಗೆ ಬರೋದ್ರಾಗ ಅಲ್ಲಿಗೆ ಹೋಗೋ ಟೈಮ್ ಆಗ್ತೈತಿ. ಎರಡೂ ಕಡಿ ಆಡೋದು, ಯಾವ ಕಡಿನೂ ಅಲ್ಲ. ನಿಮ್ಮ ಪುಸ್ತಕದಾಗ ಅದಕ್ಕೊಂದು ಹೆಸರು ಐತಿ ಅಂತ ಮಾತ್ರ ನನಗ ಗೊತ್ತಿರಲಿಲ್ಲ."

ಸಮಾಧಾನ ಹೇಳಲು ಹೋದವನು ಗಾಯದ ಮೇಲೆಯೇ ಬೆರಳಿಟ್ಟಿದ್ದೆ. ಸುಮಾ ತಂದಿಟ್ಟ ಕಾಫಿ ಕುಡಿದು, "ದೀಪಾವಳಿಗೆ ಇನ್ನೊಂದು ಮ್ಯಾಚ್ ಇಡ್ತೀನಿ. ನೀವು ಬರಬೇಕು" ಎಂದೆ.

"ನೋಡೂಣ್ರಿ" ಎಂದರು. ಆ ಮಾತಿಗೆ ಬರುವುದಿಲ್ಲವೆಂದೇ ಅರ್ಥ ಎಂಬುದು ನನಗೆ ಗೊತ್ತಿತ್ತು.

ದೀಪಾವಳಿಗೆ ಪಂದ್ಯವಿಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಮನೆ ಮನೆಗೆ ಹೋಗಿ ಒಪ್ಪಿಸಿದೆ. ಬಲಿಪಾಡ್ಯಮಿಯ ಬೆಳಿಗ್ಗೆ, ಪಟಾಕಿಯ ಕೆಂಪು ಕಾಗದದ ಚೂರುಗಳ ಮೇಲೆ ವಿಕೆಟ್ ನೆಟ್ಟೆವು. ಸುಮಾ ಮನೆಯ ಗೇಟು ಮುಚ್ಚಿತ್ತು. ಅದರ ಹಿಂದೆ ಬಿಳಿ ಶರಟೇನೂ ಕಾಣಲಿಲ್ಲ. ಆದರೂ ನಾನು ರಿಜಿಸ್ಟರ್ ತೆರೆದೆ. ಈ ಸಲ ಗೇಟಿನ ಕಡೆಗೇ ಮುಖ ಮಾಡಿ ನಿಂತು, ಹೆಸರುಗಳನ್ನಷ್ಟೇ ಓದಿದೆ.

"ಬೇವಿನ ಮರದ ಕಡೆ. ವಿಕೆಟ್ ಕೀಪರ್, ಗುರುಶಾಂತಪ್ಪನವರು."

ಯಾರೂ ಕೂಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೇಟೂ ತೆರೆಯಲಿಲ್ಲ.

"ಜೋಕರ್" ಎಂದು ಮುಂದಕ್ಕೆ ಓದಿದೆ. "ನಾನು."

ನಗು ಎದ್ದಿತು ನೋಡಿ! ಟ್ರಾನ್ಸ್‌ಫಾರ್ಮರ್ ಕಡೆಯ ಚಿಲ್ಟಾರಿಗಳೆಲ್ಲ "ತಾತ ಜೋಕರ್, ತಾತ ಜೋಕರ್" ಎಂದು ಕುಣಿದವು. ಶಾರದಮ್ಮನವರು ಕಾಂಪೌಂಡಿನಿಂದಲೇ "ಇಷ್ಟು ವರ್ಷಕ್ಕೆ ಸರಿಯಾದ ಪೋಸ್ಟು ಸಿಕ್ತು" ಎಂದರು. ಅರ್ಥ ಗೊತ್ತಿದ್ದವನು ನಾನು, ನಿಯಮ ಬರೆದವನೂ ನಾನೇ. ಆದರೂ ಅಷ್ಟು ಜನರ ನಗುವಿನ ನಡುವೆ ಒಬ್ಬನೇ ನಿಂತಾಗ ಕಿವಿ ಬಿಸಿಯಾಯಿತು. ಅರ್ಥ ಗೊತ್ತಿಲ್ಲದವರಿಗೆ ಹೇಗಾಗಿರಬೇಕು ಎಂದು ಆಗ ತಿಳಿಯಿತು.

ಆಗ ಗೇಟಿನ ಚಿಲಕ ಸದ್ದು ಮಾಡಿತು. ಗುರುಶಾಂತಪ್ಪನವರು ಲುಂಗಿ, ಬನಿಯನ್ನಿನಲ್ಲಿ ನಿಂತಿದ್ದರು.

"ಒಂದೈದು ನಿಮಿಷ ತಡೀರಿ. ಶೂ ಹಾಕ್ಕೊಂಡು ಬರ್ತೀನಿ."

ಆ ದಿನ ನಾನು ಎರಡೂ ತಂಡಗಳಿಗೆ ಸಮಾನವಾಗಿ ಸೇವೆ ಸಲ್ಲಿಸಿದೆ: ಎರಡೂ ಕಡೆ ಸೊನ್ನೆ. ಟ್ರಾನ್ಸ್‌ಫಾರ್ಮರ್ ಪರ ಆಡುವಾಗ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಹಿಂದೆ ಹೋಗಿ, ಒಂದು ಪಿಚ್ ಬಿದ್ದು ಎದ್ದಿತು. ಗುರುಶಾಂತಪ್ಪನವರು ಒಂದೇ ಕೈಯಲ್ಲಿ ಹಿಡಿದು, ಇಡೀ ರಸ್ತೆಗೆ ಕೇಳುವಂತೆ ಕೂಗಿದರು: "ಔಟ್ರೀ ಜೋಕರ್!" ಬಗ್ಗಿದವರನ್ನು ಎಬ್ಬಿಸಲು ನಿಜಕ್ಕೂ ಇಬ್ಬರು ಬೇಕಾದರು. ಅದನ್ನು ನಿಯಮ ಇಪ್ಪತ್ತಮೂರು ಎಂದು ದಾಖಲಿಸಿದೆ.

ಸಂಕ್ರಾಂತಿ ಮುಗಿಸಿಕೊಂಡು ಅವರು ಬೇಗೂರಿಗೆ ಹೊರಟರು. ಹೊರಡುವ ದಿನ ಒಂದು ಕೈಚೀಲ ಹಿಡಿದು ನಮ್ಮ ಮನೆಗೆ ಬಂದರು. ಎಳ್ಳು ಬೆಲ್ಲ ಇರಬಹುದೆಂದು ನನ್ನ ಹೆಂಡತಿ ತಟ್ಟೆ ತಂದಳು. ಒಳಗಿದ್ದದ್ದು ಆ ಬಿಳಿ ಶೂಗಳು.

"ಇವು ನಿಮ್ಮಲ್ಲೇ ಇರಲಿ ಸಾಹೇಬ್ರ" ಎಂದರು. "ಟೀಮ್ ಇಲ್ಲಿರೋವಾಗ ಶೂ ಅಲ್ಲಿಗ್ಯಾಕ?"

ಅಂದಿನಿಂದ ಏನಾದರೂ ಓದಿ ಹೇಳುವ ಮೊದಲು ತಲೆ ಎತ್ತಿ ಎದುರಿಗಿರುವವರ ಮುಖ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಕಲಿತದ್ದಾದ್ದರಿಂದ ಕೆಲವೊಮ್ಮೆ ಮರೆಯುತ್ತದೆ. ಆಗ ನಮ್ಮ ಚಪ್ಪಲಿ ಸ್ಟ್ಯಾಂಡು ನೆನಪಿಸುತ್ತದೆ. ಅದರ ಮೇಲಿನ ಅರೆಯಲ್ಲಿ, ನಮ್ಮ ಮನೆಯ ಯಾರ ಕಾಲಿಗೂ ಸರಿಹೋಗದ ಒಂದು ಜೊತೆ ಬಿಳಿ ಶೂ ಇದೆ. ಈಗ ಯುಗಾದಿಗೂ ಪಂದ್ಯವಿಡುತ್ತೇವೆ; ಆಗ ಬೇಗೂರಿನ ಸರದಿ ಇದ್ದರೂ, ಅವುಗಳ ಯಜಮಾನರು ಬೆಳಿಗ್ಗೆ ಏಳಕ್ಕೇ ಬಸ್ಸಿಳಿದು, ಮಗಳ ಮನೆಗೂ ಮೊದಲು ನಮ್ಮ ಮನೆಯ ಬೆಲ್ ಒತ್ತುತ್ತಾರೆ.