ಕಾಫಿ ಹೂವಿನ ಬೊಕೆ

ಕುಶಾಲನಗರದ ಬಸ್ ನಿಲ್ದಾಣದ ಹತ್ತಿರ, ನಾನು ಪತ್ರಿಕೆಗೆ ಸುದ್ದಿ ಬರೆದು ಕಳಿಸುವ ಕೋಣೆಗೆ ಹೊಂದಿಕೊಂಡೇ ಒಂದು ಬೊಕೆ ಅಂಗಡಿ ಇದೆ. ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿನಿಂದ ರಟ್ಟಿನ ಪೆಟ್ಟಿಗೆಗಳು ಬರುತ್ತವೆ. ಒಳಗೆ ಗುಲಾಬಿ, ಜರ್ಬೆರಾ, ಕಾರ್ನೇಷನ್. ಅಂಗಡಿ ನಡೆಸುವಾಕೆಯ ಮನೆಯವರು ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಮನೆಯಲ್ಲಿ ಭತ್ತ, ಶುಂಠಿ. ಹೂವಿನ ವ್ಯಾಪಾರ ಇವಳದೇ ಹಟ.

ಇಂಥ ಊರಿನಲ್ಲಿ ಬೊಕೆ ಯಾರು ಕೊಳ್ಳುತ್ತಾರೆ ಎಂದು ಮೊದಮೊದಲು ನನಗೂ ಅನ್ನಿಸಿತ್ತು. ಊರಿನವರು ಕೊಳ್ಳುವುದು ಕಡಿಮೆಯೇ. ಕೊಳ್ಳುವವರು ದೂರದಲ್ಲಿರುತ್ತಾರೆ. ಫೋನಿನಲ್ಲಿ ಹಣ ಕಳಿಸಿ, ವಿಳಾಸ ಹೇಳುತ್ತಾರೆ: ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ, ನೀಲಿ ಗೇಟು, ನಾಯಿ ಬೊಗಳುತ್ತೆ ಆದ್ರೆ ಏನೂ ಮಾಡಲ್ಲ. ನಾನು ಸುದ್ದಿಗೆಂದು ಎಲ್ಲಿಗಾದರೂ ಸ್ಕೂಟರ್ ಹತ್ತುವುದನ್ನು ಕಂಡರೆ ಅವಳು ಅಂಗಡಿಯಿಂದಲೇ ಕೂಗುತ್ತಾಳೆ.

"ಸಾರ್, ಯಾವ ಕಡೀಕೆ?"

"ಸಿದ್ದಾಪುರ."

"ಹಂಗಾದ್ರೆ ದಾರೀಲಿ ಒಂದು ಬರ್ತ್‌ಡೇ ಅದೆ, ಕೊಟ್ಬುಡಿ."

ಹೀಗೆ ವರದಿಗಾರನ ಕೆಲಸದ ಜೊತೆ ಹೂ ಹಂಚುವ ಕೆಲಸವೂ ನನ್ನದಾಯಿತು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರು ಕಿಟಕಿಯಿಂದ ನನ್ನ ಮುಖ ನೋಡಿ ಬಾಗಿಲನ್ನೇ ತೆಗೆಯಲಿಲ್ಲ. "ನಮ್ಮನೇಲಿ ಸುದ್ದಿ ಆಗುವಂಥದ್ದೇನೂ ಆಗಿಲ್ಲ, ಹೋಗಿ ಮಾರಾಯ್ರೇ" ಎಂದು ಒಳಗಿನಿಂದಲೇ ಕಳಿಸಿಬಿಟ್ಟರು. ಹೂಗುಚ್ಛವನ್ನು ಗೇಟಿಗೆ ಸಿಕ್ಕಿಸಿ ಬಂದೆ.

ಒಂದು ಮಾರ್ಚಿನಲ್ಲಿ ಮಂಗಳೂರಿನಿಂದ ಅಂಗಡಿಗೆ ಒಂದು ಕರೆ ಬಂತು. ಮಾತಾಡಿದವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಮಲಯಾಳ ಮನೆಮಾತಿನ ಕುಟುಂಬ. ಅವಳ ತಾಯಿ ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಮದುವೆಯಾಗಿ ಬಂದಾಗಿನಿಂದ ಕಾಫಿ ಕೊಯ್ದವರು. ಕೆಲಸ ಬಿಟ್ಟ ಮೇಲೆ ಎಸ್ಟೇಟಿನವರು ಆಳುಗಳಿಗೆ ಕೊಡುವ ಲೈನ್ ಮನೆಯನ್ನೂ ಬಿಟ್ಟು, ಕುಶಾಲನಗರದಲ್ಲಿ ಹಿರಿಮಗಳ ಜೊತೆ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಸರಿಯಾಗಿಯೇ ಆಗಿತ್ತು. ವಾಕರ್ ಹಿಡಿದು ಈಗಲೇ ಎದ್ದು ನಿಲ್ಲದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಆಕೆ ಏಳುತ್ತಿರಲಿಲ್ಲ.

ಅಂಗಡಿಯಾಕೆ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ನಾನು ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದೆ.

"ಅಮ್ಮಂಗೆ ಕಾಫಿ ಹೂವಿನ ಬೊಕೆ ಬೇಕಕ್ಕಾ."

ಅಂಗಡಿಯಾಕೆ ನಕ್ಕಳು. "ಕಾಫಿ ಹೂವಾ? ಅದನ್ನ ಯಾರವ್ವ ಕೀಳ್ತಾರೆ? ತುಂಬಿದ ಬಸುರೀನ ಬಸ್ಸಿಂದ ತಳ್ಳಿದಂಗೆ ಆಗ್ತದೆ. ಒಳ್ಳೆ ಗುಲಾಬಿ ಬಂದದೆ, ಕಳಿಸ್ಲಾ?"

"ಗುಲಾಬಿ ಅವ್ರಿಗೆ ಏನ್ ಗೊತ್ತು? ದಿನಾ ಕೇಳ್ತಾರೆ, ಮಳೆ ಆಯ್ತಾ, ಹೂ ಬಿಡ್ತಾ ಅಂತ."

"ಹೂ ನೋಡಿದ್ರೆ ಎದ್ದು ನಿಲ್ತಾರಾ?"

"ಹಾಗಂತ ಅಲ್ಲಕ್ಕಾ. ಏಳಿ ಅಮ್ಮಾ ಅಂದ್ರೆ, ಎದ್ದು ಎಲ್ಲಿಗೆ ಹೋಗ್ಲಿ ಅಂತ ಕೇಳ್ತಾರೆ. ಬಂದು ನೋಡೋಣ ಅಂದ್ರೆ ನಂಗೆ ರಜೆಯೂ ಇಲ್ಲ."

ಅಂಗಡಿಯಾಕೆ ನನ್ನ ಕಡೆ ನೋಡಿದಳು. ನಾನು ಮರುದಿನ ಪಾಲಿಬೆಟ್ಟದ ಕಡೆ ಆನೆ ಹಾವಳಿಯ ಸಭೆಗೆ ಹೋಗುವವನಿದ್ದೆ. ಅದು ಅವಳಿಗೆ ಗೊತ್ತಿತ್ತು.

ಸಭೆ ಮುಗಿಸಿ ಆ ಎಸ್ಟೇಟಿಗೆ ಹೋದೆ. ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವ ರೈಟರ್ ನನಗೆ ಹಳೆಯ ಪರಿಚಯ. ಗೇಟಿನಲ್ಲೇ ಎದುರಾದರು.

"ಏನ್ ಸಾರ್, ಆನೆ ಬಂದ್ರೂ ನೀವು, ಹೂ ಬಂದ್ರೂ ನೀವೇನಾ?"

ವಿಷಯ ಹೇಳಿದೆ. ನಗು ನಿಂತಿತು. ಆ ಹೆಂಗಸಿನ ನೆನಪು ಅವರಿಗೆ ಚೆನ್ನಾಗಿಯೇ ಇತ್ತು. ಕಾಯಿ ಕೊಯ್ಯುವ ಪಿಕ್ಕಿಂಗ್ ವೇಳೆ ಕೊಂಬೆ ಮುರಿದವರನ್ನು ರೈಟರಿಗಿಂತ ಮುಂಚೆ ಆಕೆಯೇ ಬೈಯುತ್ತಿದ್ದರಂತೆ. ಆದರೆ ಹೂ ಬಿಟ್ಟ ದಿನ ತೋಟದೊಳಕ್ಕೆ ಯಾರನ್ನೂ ಇಳಿಸುವ ಪದ್ಧತಿ ಇಲ್ಲ. ಗಿಡ ಅಲುಗಬಾರದು, ಜೇನಿಗೆ ಅಡ್ಡಿಯಾಗಬಾರದು. ಕಾಯಿ ಕೊಯ್ದವರು, ಗೊಬ್ಬರ ಹಾಕಿದವರು, ರೆಂಬೆ ಸವರಿ ಕಸಿ ಮಾಡಿದವರು ಎಲ್ಲರೂ ಆ ದಿನಗಳಲ್ಲಿ ಲೈನಿನ ಅಂಗಳದಿಂದಲೇ ನೋಡಬೇಕು.

ಕೊನೆಗೆ ರೈಟರೇ ದಾರಿ ಹುಡುಕಿದರು. "ಜೀಪ್ ರಸ್ತೆಗೆ ಬಾಗಿದ ಕೊಂಬೆ ಕೆಲವು ಇದ್ದಾವೆ. ಹೇಗೂ ಜೀಪ್ ತಾಗಿ ಮುರೀತವೆ. ಅವನ್ನ ಕೊಡ್ತೇನೆ. ಒಳಗೆ ಕಾಲಿಡ್ಬಾರ್ದು, ಆಯ್ತಾ?"

ರಸ್ತೆಯ ತಿರುವು ದಾಟಿದೆವು. ನಾನು ಈ ಜಿಲ್ಲೆಯಲ್ಲಿ ಬಹುಕಾಲ ಕಳೆದವನು. ಕಾಫಿ ಹೂವಿನ ಬಗ್ಗೆ ಪ್ರತಿ ವರ್ಷ ಬರೆದಿದ್ದೇನೆ: ಮೊಗ್ಗು ಅರಳಿಸುವ ಹೂಮಳೆ ಆಯಿತು, ಹೂಮಳೆ ತಡವಾಯಿತು, ಬೆಳೆಗಾರರಲ್ಲಿ ಹರ್ಷ, ಬೆಳೆಗಾರರಲ್ಲಿ ಆತಂಕ. ಬರೆದದ್ದೆಲ್ಲ ಡಾಂಬರು ರಸ್ತೆಯಿಂದ ಕಂಡದ್ದು. ಅಲ್ಲಿ ಮಾತ್ರ ಇಳಿಜಾರು ಪೂರ್ತಿ, ಸಿಲ್ವರ್ ಓಕ್ ಮರಗಳ ಬುಡದಿಂದ ಕೆಳಗಿನ ಕೆರೆಯ ಏರಿವರೆಗೆ, ಎಲೆ ಕಾಣದ ಹಾಗೆ ಬೆಳ್ಳಗಿತ್ತು. ಒಂದೊಂದು ಕೊಂಬೆಗೂ ಗಂಟುಗಂಟಾಗಿ ಹೂ ಹತ್ತಿತ್ತು. ವಾಸನೆ ಮಲ್ಲಿಗೆಗೆ ಹತ್ತಿರ, ಆದರೆ ಅದಕ್ಕಿಂತ ಭಾರ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನಿಲ್ಲಿಸಿದ್ದು ಸದ್ದು. ಇಡೀ ಗುಡ್ಡ ಒಂದೇ ಶ್ರುತಿಯಲ್ಲಿ ಗುಂಯ್ಗುಡುತ್ತಿತ್ತು. ಒಂದು ಜೇನೂ ಬಿಡಿಯಾಗಿ ಕೇಳಿಸುತ್ತಿರಲಿಲ್ಲ. ರೈಟರ್ ತಾವಾಗಿಯೇ ದನಿ ತಗ್ಗಿಸಿದರು. ಪ್ರತಿ ವರ್ಷ ನೋಡುವವರು. ನಾನೂ ತಗ್ಗಿಸಿದೆ. ಜೇಬಿನಲ್ಲಿದ್ದ ಫೋನಿನಿಂದ ಚಿತ್ರ ತೆಗೆಯಬೇಕೆಂದು ನೆನಪಾದದ್ದು ವಾಪಸ್ ಬರುವಾಗ, ನೆಲ್ಯಹುದಿಕೇರಿಯ ಸೇತುವೆಯ ಮೇಲೆ.

ಕೊಂಬೆಗಳನ್ನು ಅಂಗಡಿಯಲ್ಲಿ ಕೊಟ್ಟು, ಸಭೆಯ ಸುದ್ದಿ ಕಳಿಸಲು ಕೋಣೆಗೆ ಹೋದೆ. ಸಂಜೆ ನರ್ಸಿನ ಪಾಳಿ ಮುಗಿದ ಮೇಲೆ, ಅವಳು ವಿಡಿಯೋ ಕರೆಯಲ್ಲಿ ಇರುವಾಗ ಬೊಕೆ ಕೊಡುವುದೆಂದು ಮಾತಾಗಿತ್ತು. ಅಂಗಡಿಯಾಕೆ ದಿನವೂ ಏನು ಮಾಡುತ್ತಾಳೋ ಅದನ್ನೇ ಮಾಡಿದ್ದಳು. ಹೂವಿಗೆ ಬಾಟಲಿಯಿಂದ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ರಿಬ್ಬನ್ ಕಟ್ಟಿದ್ದಳು. ಸಂಜೆ ನೋಡಿದರೆ ಒಳಗಿದ್ದದ್ದು ಸೋಸಿ ಬಿಟ್ಟ ಚಹಾಪುಡಿಯ ಬಣ್ಣ.

ರೈಟರಿಗೆ ಫೋನ್ ಮಾಡಿದೆ.

"ನೀರು ಹಾಕಿದ್ರಾ?" ಎಂದು ಅವರು ಕಿರುಚಿದ್ದು ಅವಳಿಗೂ ಕೇಳಿಸಿತು. "ಹೂ ಬಿಟ್ಟ ದಿನ ಮಳೆ ಬಂದ್ರೆ ನಮ್ಮ ಸಾಹುಕಾರ್ರು ಊಟ ಬಿಡ್ತಾರೆ. ನೀವು ಮಳೆನೂ ಹುಯ್ಸಿ, ಮೇಲೆ ಮುಚ್ಚಳನೂ ಹಾಕಿದ್ದೀರಿ!"

ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. "ನಮ್ಮ ಶುಂಠಿಗೆ ನೀರಿಲ್ದಿದ್ರೆ ಸಾಯ್ತದೆ. ಇದು ನೀರು ಕಂಡ್ರೆ ಸಾಯ್ತದಾ ಸಾರ್?"

ನಾನು ನೋಡಿದ ಇಳಿಜಾರಿನಲ್ಲಿ ನಾಳೆಗೆ ಹೂ ಬಾಡುತ್ತದೆ. ಆದರೆ ಕೆರೆಯ ಆಚೆ ತೋಟದ ಇನ್ನೊಂದು ಬ್ಲಾಕಿಗೆ ಹೂಮಳೆಯ ಬದಲಿಗೆ ಹಾಯಿಸುವ ಸ್ಪ್ರಿಂಕ್ಲರ್ ನೀರು ತಡವಾಗಿ ಬಿದ್ದಿತ್ತು, ಅಲ್ಲಿ ಬೆಳಿಗ್ಗೆ ಬಿಡಬಹುದು ಎಂದರು ರೈಟರ್. ಅದೂ ತಪ್ಪಿದರೆ ಆ ತೋಟದಲ್ಲಿ ಮುಂದಿನ ವರ್ಷವೇ. ನರ್ಸಿಗೆ ಅಂಗಡಿಯಾಕೆಯೇ ಹೇಳಿದಳು. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ನಾಳೆ ಪಾಳಿ ಮಧ್ಯಾಹ್ನ ಇದೆ. ಅದರೊಳಗೆ ಆದ್ರೆ ನೋಡಿ ಅಕ್ಕಾ" ಎಂದಳು, ಅಷ್ಟೆ.

ಬೆಳಿಗ್ಗೆ ಅಂಗಡಿಯಾಕೆಯೂ ನನ್ನ ಸ್ಕೂಟರ್ ಹತ್ತಿದಳು. ಗುಡ್ಡೆಹೊಸೂರಿನಿಂದ ಸಿದ್ದಾಪುರದವರೆಗೆ ಬಾಯಿ ಮುಚ್ಚಲಿಲ್ಲ: ಗುಲಾಬಿ ದರ, ಗಂಡನ ಮೊಂಡುತನ, ಮದುವೆ ಸೀಸನ್ನು. ಕೆರೆಯ ಆಚೆಯ ಬ್ಲಾಕಿನ ಮುಂದೆ ಇಳಿದೆವು. ಹೂ ಬಿಟ್ಟಿತ್ತು. ದಿನವೂ ಹೂವಿನಲ್ಲೇ ಕೈಯಾಡಿಸುವವಳು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಇಷ್ಟೆಲ್ಲ ಎರಡು ದಿನಕ್ಕಾ?"

"ಹ್ಞೂಂ" ಎಂದರು ರೈಟರ್.

"ನನ್ನ ಪೆಟ್ಟಿಗೆ ಹೂವೇ ವಾರ ಇರ್ತದಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಈ ಸಲ ನೀರಿಲ್ಲ, ಪ್ಲಾಸ್ಟಿಕ್ಕಿಲ್ಲ. ಕೊಂಬೆಯ ಬುಡಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿ, ಮೇಲೆ ಹಳೆ ಪತ್ರಿಕೆಯನ್ನು ಸಡಿಲವಾಗಿ ಹೊದಿಸಿದಳು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಹಿಡಿದಿದ್ದಳು. ನಾನು ಒಂದೊಂದು ಗುಂಡಿಯನ್ನೂ ಬಳಸಿ ಓಡಿಸಿದೆ.

ಹಿರಿಮಗಳು ಬಾಗಿಲು ತೆಗೆದಳು. ಕೈಯಲ್ಲಿ ಫೋನು, ಅದರಲ್ಲಿ ತಂಗಿಯ ಮುಖ. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಾವು ಇನ್ನೂ ಹೊಸಿಲು ದಾಟಿರಲಿಲ್ಲ, ವಾಸನೆ ಮಾತ್ರ ಒಳಗೆ ಹೋಗಿತ್ತು.

"ಎಲ್ಲಿ ಬಿಟ್ಟಿದ್ದು?" ಎಂದರು, ತಿರುಗದೆ.

ಅಂಗಡಿಯಾಕೆ ಕೊಂಬೆಗಳನ್ನು ಅವರ ಎದುರಿಗೆ ಹಿಡಿದಳು. ಮುದುಕಿಯ ಮುಖ ಅರಳಲಿಲ್ಲ, ಬಿಗಿಯಿತು.

"ಯಾರು ಕಡಿದಿದ್ದು ಇದನ್ನ? ರೈಟ್ರಿಗೆ ಗೊತ್ತಾ?"

"ರೈಟ್ರೇ ಕೊಟ್ರು ಅಮ್ಮ. ಜೀಪ್ ರಸ್ತೆಗೆ ಬಾಗಿತ್ತು."

"ಕೆರೆ ಆಚೆ ಬ್ಲಾಕಾ?" ಕೊಂಬೆಯ ಕಡಿದ ತುದಿಯನ್ನು ಬೆರಳಿನಿಂದ ಸವರಿ ನೋಡಿದರು. "ಆ ಗಿಡ ನಂಗೆ ಗೊತ್ತು. ಅದರ ಕೊಂಬೆ ಯಾವಾಗ್ಲೂ ರಸ್ತೆಗೇ ಬರ್ತದೆ. ಸರಿ ಬಿಡಿ." ಹೂವಿನ ಗಂಟುಗಳ ಮೇಲೆ ಕಣ್ಣಾಡಿಸಿ, "ಆದ್ರೂ ಒಂದು ಬೊಗಸೆ ಕಾಯಿ ಆಗ್ತಿತ್ತು" ಎಂದರು.

ಹಿರಿಮಗಳು ಬಾಗಿಲು ಮುಚ್ಚಿ, ಚೊಂಬಿನಲ್ಲಿ ನೀರು ತಂದು ಕೊಂಬೆಗಳನ್ನು ಅದರೊಳಗೆ ನಿಲ್ಲಿಸಿ, ಮಂಚದ ಪಕ್ಕದ ಕುರ್ಚಿಯ ಮೇಲಿಟ್ಟಳು. ಫೋನಿನಲ್ಲಿ ನರ್ಸ್, "ಅಮ್ಮಾ, ಹೂ ಚೆನ್ನಾಗಿದ್ಯಾ?" ಎಂದು ಕೇಳುತ್ತಿದ್ದಳು. ತಾಯಿಯ ಗಮನ ಅಲ್ಲಿರಲಿಲ್ಲ. ಕಿಟಕಿಯ ಸೊಳ್ಳೆ ಜಾಲರಿಗೆ ಏನೋ ತಾಗಿ ತಾಗಿ ಬೀಳುತ್ತಿತ್ತು. ಜೇನು. ನೋಡುತ್ತಿದ್ದಂತೆ ಇನ್ನೊಂದು, ಮತ್ತೆ ನಾಲ್ಕಾರು. ಮನೆಗಳು ಒತ್ತಿಕೊಂಡಿರುವ ಬಡಾವಣೆ ಅದು. ಸುತ್ತ ಎಲ್ಲೂ ತೋಟವಿಲ್ಲ. ಅವು ಎಲ್ಲಿಂದ ಬಂದವು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

"ಮೋಳೇ, ಬಾಗ್ಲು ತೆಗಿ" ಎಂದರು ತಾಯಿ, ಹಿರಿಮಗಳಿಗೆ.

"ಕಚ್ತಾವಮ್ಮ!"

"ಹೂ ಇರುವಾಗ ಅದಕ್ಕೆ ನಿನ್ನ ಯೋಚನೆ ಎಲ್ಲಿ? ಒಳಗಿಟ್ರೆ ಅದಕ್ಕೆ ಹೇಗೆ ಸಿಗ್ತದೆ? ತೆಗಿ."

ಮಗಳು ಬಾಗಿಲ ಕಡೆ ಓಡಿದಳು. ತಿರುಗಿ ನೋಡುವಷ್ಟರಲ್ಲಿ ತಾಯಿ ಮಂಚದ ಅಂಚಿಗೆ ಸರಿದು, ಮೂಲೆಯಲ್ಲಿದ್ದ ವಾಕರನ್ನು ಎಳೆದುಕೊಂಡಿದ್ದರು. ಹಿಡಿಯಲು ಹೋದ ಅಂಗಡಿಯಾಕೆಯ ಕೈ ತಳ್ಳಿ, "ನೀನು ಚೊಂಬು ಹಿಡ್ಕೊ. ಅಲುಗಿಸ್ಬೇಡ" ಎಂದರು. ಎದ್ದು ನಿಂತರು. ನೋವು ಮುಖದಲ್ಲಿ ಕಾಣುತ್ತಿತ್ತು. ವಾಕರ್ ಮುಂದಿಟ್ಟು, ಕಾಲು ಎಳೆದು, ಮತ್ತೆ ಮುಂದಿಟ್ಟು ಜಗುಲಿಯವರೆಗೆ ಹೋದರು. ಫೋನಿನಲ್ಲಿ ನರ್ಸ್ ಬಾಯಿಗೆ ಕೈ ಒತ್ತಿಕೊಂಡಿದ್ದಳು.

ಚೊಂಬನ್ನು ಜಗುಲಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವಲ್ಲಿ ಇಡಿಸಿದರು. ಜೇನುಗಳು ಬಂದು ಕುಳಿತವು. ತೋಟದಲ್ಲಿ ಗುಡ್ಡವೇ ಮಾಡುತ್ತಿದ್ದ ಆ ಸದ್ದು, ಒಂದು ಚೊಂಬಿನ ಸುತ್ತ ಸಣ್ಣಗೆ ಶುರುವಾಯಿತು.

ನಾನು ಹತ್ತಿರದಿಂದ ನೋಡಲು ಹೆಜ್ಜೆ ಮುಂದಿಟ್ಟೆ. ಅವರು ವಾಕರನ್ನು ನನಗೆ ಅಡ್ಡವಾಗಿ ಇಟ್ಟರು.

"ಹೂ ಇರುವಾಗ ಯಾರೂ ಇಳಿಯುವಂಗಿಲ್ಲ. ಅಲ್ಲೇ ನಿಲ್ಲಿ."

ಹೊಸಿಲಿನ ಒಳಗೆ ನಾವೆಲ್ಲ ನಿಂತೆವು. ಆಕೆ ಹೊರಗೆ ಕಾವಲು ನಿಂತಿದ್ದರು.